ನೂರರ ಲೆಕ್ಕ ರಕ್ತದಲ್ಲಿದೆಯೇ? ಒಂದು ಸ್ವೀಡಿಷ್ ಅಧ್ಯಯನದ ವಿಮರ್ಶೆ

‘ನೂರು ವರ್ಷ ಬಾಳು’ ಎಂದು ಕಿರಿಯರನ್ನು ಹರಸುವುದು ನಮ್ಮಲ್ಲಿ ವಾಡಿಕೆ. ಹರಸುವವರಾಗಲಿ, ನಮಸ್ಕರಿಸಿ ಎದ್ದವರಾಗಲಿ ಆ ಸಂಖ್ಯೆಯನ್ನು ಅಕ್ಷರಶಃ ತೆಗೆದುಕೊಳ್ಳುವುದಿಲ್ಲ. ಅದನ್ನು ಅಕ್ಷರಶಃ ತೆಗೆದುಕೊಂಡ ಅಧ್ಯಯನವೊಂದು 2023ರ ಸೆಪ್ಟೆಂಬರ್‌ನಲ್ಲಿ ‘ಜೆರೋಸೈನ್ಸ್’ ಎಂಬ ಸಂಶೋಧನ ಪತ್ರಿಕೆಯಲ್ಲಿ ಪ್ರಕಟವಾಯಿತು. ಸ್ವೀಡನ್ನಿನ ಕರೋಲಿನ್‌ಸ್ಕಾ ಸಂಸ್ಥೆಯ ಶುನ್‌ಸುಕೆ ಮುರಾತಾ, ಕರೀನ್ ಮೋಡಿಗ್ ಮತ್ತು ಸಂಗಡಿಗರು ಕೇಳಿದ ಪ್ರಶ್ನೆ ಸರಳವಾದದ್ದು. ನೂರು ವರ್ಷ ತಲುಪಿದವರ ರಕ್ತ, ಅದಕ್ಕೆ ದಶಕಗಳ ಮೊದಲೇ, ಉಳಿದವರ ರಕ್ತಕ್ಕಿಂತ ಭಿನ್ನವಾಗಿತ್ತೇ?

ಇದಕ್ಕೆ ದೊರೆತ ಉತ್ತರ ಪ್ರಪಂಚದ ಅನೇಕ ಪತ್ರಿಕೆಗಳಲ್ಲಿ ಸುದ್ದಿಯಾಯಿತು. ರಕ್ತಪರೀಕ್ಷೆಯೊಂದರಿಂದ ಆಯುಷ್ಯವನ್ನು ತಿಳಿಯಬಹುದು ಎಂಬ ಧಾಟಿಯ ಶೀರ್ಷಿಕೆಗಳು ಬಂದವು. ಅಧ್ಯಯನ ನಿಜಕ್ಕೂ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ. ಇದು ಕೇವಲ ಪಾಂಡಿತ್ಯದ ಪ್ರಶ್ನೆಯಲ್ಲ. ಅರವತ್ತು ದಾಟಿದ ತಂದೆತಾಯಿಯರನ್ನು ಮಕ್ಕಳು ‘ಪೂರ್ಣ ದೇಹ ತಪಾಸಣೆ’ಗೆ ಕರೆದೊಯ್ಯುವುದು ನಮ್ಮ ಪಟ್ಟಣಗಳಲ್ಲಿ ಈಗ ಸಾಮಾನ್ಯ. ಕೈಗೆ ಬರುವ ಹಲವು ಪುಟಗಳ ವರದಿಯಲ್ಲಿ ದಪ್ಪ ಅಕ್ಷರದಲ್ಲಿರುವ ಅಂಕಿಗಳನ್ನು ನೋಡಿ ಗಾಬರಿಪಡುವವರಿದ್ದಾರೆ. ಸುದ್ದಿ ಓದಿ, ನುಂಗುತ್ತಿದ್ದ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸುವವರೂ ಇದ್ದಾರೆ.

ಅಧ್ಯಯನದ ಸ್ವರೂಪ

ಸ್ಟಾಕ್‌ಹೋಮ್ ಪ್ರದೇಶದಲ್ಲಿ 1985ರಿಂದ 1996ರವರೆಗೆ ರಕ್ತಪರೀಕ್ಷೆ ಮಾಡಿಸಿಕೊಂಡ ಲಕ್ಷಾಂತರ ಜನರ ಫಲಿತಾಂಶಗಳು ‘ಅಮೋರಿಸ್’ ಎಂಬ ಹೆಸರಿನ ಸಂಗ್ರಹದಲ್ಲಿವೆ. ಅವರ ಪೈಕಿ 1893ರಿಂದ 1920ರ ನಡುವೆ ಹುಟ್ಟಿದ, ಪರೀಕ್ಷೆಯ ಕಾಲಕ್ಕೆ 64ರಿಂದ 99 ವರ್ಷ ವಯಸ್ಸಾಗಿದ್ದ 44 ಸಾವಿರಕ್ಕೂ ಹೆಚ್ಚು ಮಂದಿಯನ್ನು ಸಂಶೋಧಕರು ಆರಿಸಿಕೊಂಡರು. ಯಾರು ಯಾವಾಗ ತೀರಿಕೊಂಡರೆಂಬುದನ್ನು ರಾಷ್ಟ್ರೀಯ ದಾಖಲೆಗಳಿಂದ ತಿಳಿದರು. ಕೆಲವರ ವಿಷಯದಲ್ಲಿ ಈ ಅವಧಿ 35 ವರ್ಷದವರೆಗೆ ಚಾಚಿದೆ. ನೂರು ತಲುಪಿದವರು 1,224 ಮಂದಿ, ಅಂದರೆ ಶೇ. 2.7. ಅವರಲ್ಲಿ ಶೇ. 85ರಷ್ಟು ಮಹಿಳೆಯರು.

ಪರಿಶೀಲಿಸಿದ ರಕ್ತಸೂಚಕಗಳು ಹನ್ನೆರಡು. ಗ್ಲೂಕೋಸ್, ಒಟ್ಟು ಕೊಲೆಸ್ಟರಾಲ್, ಯೂರಿಕ್ ಆಮ್ಲ, ಮೂತ್ರಪಿಂಡದ ಕೆಲಸವನ್ನು ತಿಳಿಸುವ ಕ್ರಿಯಾಟಿನಿನ್, ಪ್ರಧಾನವಾಗಿ ಯಕೃತ್ತಿನ ಸ್ಥಿತಿಯನ್ನು ತಿಳಿಸುವ ಕೆಲವು ಕಿಣ್ವಗಳು, ಆಲ್ಬುಮಿನ್, ಕಬ್ಬಿಣ, ಕಬ್ಬಿಣವನ್ನು ಹಿಡಿದಿಡುವ ರಕ್ತದ ಸಾಮರ್ಥ್ಯ ಇತ್ಯಾದಿ. ಇವೆಲ್ಲ ನಮ್ಮ ತಾಲ್ಲೂಕು ಕೇಂದ್ರದ ಪ್ರಯೋಗಾಲಯದಲ್ಲಿಯೂ ಆಗುವ ಪರೀಕ್ಷೆಗಳೇ. ಆಲ್ಬುಮಿನ್ ಮತ್ತು ಎಎಲ್‌ಟಿ ಎಂಬ ಕಿಣ್ವವನ್ನು ಬಿಟ್ಟು ಉಳಿದ ಹತ್ತು ಸೂಚಕಗಳಿಗೂ ನೂರು ತಲುಪುವ ಸಂಭವಕ್ಕೂ ಸಂಬಂಧ ಕಂಡುಬಂದಿತು. ಗ್ಲೂಕೋಸ್, ಕ್ರಿಯಾಟಿನಿನ್, ಯೂರಿಕ್ ಆಮ್ಲ ಹೆಚ್ಚಿದ್ದವರಲ್ಲಿ ಸಂಭವ ಕಡಿಮೆ. ಒಟ್ಟು ಕೊಲೆಸ್ಟರಾಲ್ ಮತ್ತು ಕಬ್ಬಿಣ ಅತಿ ಕಡಿಮೆ ಇದ್ದವರಲ್ಲಿಯೂ ಸಂಭವ ಕಡಿಮೆಯೇ. ಶತಾಯುಷಿಗಳಲ್ಲಿ ಬಹಳ ಕಡಿಮೆ ಜನರಿಗೆ ಮಾತ್ರ ಹಿಂದೆ ಗ್ಲೂಕೋಸ್ ಲೀಟರಿಗೆ 6.5 ಮಿಲಿಮೋಲ್ (ನಮ್ಮ ಲೆಕ್ಕದಲ್ಲಿ ಡೆಸಿಲೀಟರಿಗೆ ಸುಮಾರು 117 ಮಿಲಿಗ್ರಾಂ) ದಾಟಿತ್ತು. ಕ್ರಿಯಾಟಿನಿನ್ 125 ಮೈಕ್ರೋಮೋಲ್ (ಸುಮಾರು 1.4 ಮಿಲಿಗ್ರಾಂ) ದಾಟಿದವರೂ ಅಷ್ಟೇ ವಿರಳ.

ಅಧ್ಯಯನದ ಗುಣವನ್ನು ಮೊದಲು ಹೇಳಬೇಕು. ನೂರು ವರ್ಷದವರನ್ನು ಹುಡುಕಿ, ಅವರ ರಕ್ತ ತೆಗೆದು, ಇದೇ ದೀರ್ಘಾಯುಷ್ಯದ ಗುಟ್ಟು ಎನ್ನುವ ಬರಹಗಳು ಬೇಕಾದಷ್ಟಿವೆ. ಅವುಗಳಲ್ಲಿ ಹೋಲಿಕೆಗೆ ಬೇಕಾದ ಸಮವಯಸ್ಕರು ಆಗಲೇ ತೀರಿಹೋಗಿರುತ್ತಾರೆ. ಇಲ್ಲಿ ಹಾಗಲ್ಲ. ಯಾರು ನೂರು ಮುಟ್ಟುವರೆಂದು ಯಾರಿಗೂ ತಿಳಿಯದಿದ್ದಾಗ ಎಲ್ಲರ ರಕ್ತವನ್ನೂ ಅಳೆಯಲಾಗಿತ್ತು. ವಿಶ್ಲೇಷಣೆಯಲ್ಲಿ ವಯಸ್ಸು, ಲಿಂಗ ಮತ್ತು ಇದ್ದ ಕಾಯಿಲೆಗಳ ಹೊರೆಯನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದಾರೆ. ಎರಡು ಗುಂಪುಗಳ ಮಧ್ಯಾಂಕಗಳಲ್ಲಿ ಅಂತರ ಹೆಚ್ಚಿಲ್ಲ, ವ್ಯತ್ಯಾಸವಿರುವುದು ಹೆಚ್ಚಾಗಿ ಅಂಚುಗಳಲ್ಲಿ ಎಂದು ಲೇಖಕರೇ ಒಪ್ಪಿದ್ದಾರೆ. ಯಾವ ಜೀವನಕ್ರಮ ಅಥವಾ ಯಾವ ಜೀನ್ ಇದಕ್ಕೆ ಕಾರಣ ಎಂಬುದನ್ನು ಈ ಅಧ್ಯಯನ ಹೇಳಲಾರದೆಂದೂ ಸ್ಪಷ್ಟಪಡಿಸಿದ್ದಾರೆ. ಸುದ್ದಿಯಾಗುವಾಗ ಮೊದಲು ಬಿದ್ದುಹೋದದ್ದು ಈ ವಾಕ್ಯಗಳೇ.

ಒಂದೂವರೆಯೂ ನಾಲ್ಕೂ

ಸುದ್ದಿಯಲ್ಲಿ ಹೆಚ್ಚು ಓಡಾಡಿದ ಅಂಕಿ ಯೂರಿಕ್ ಆಮ್ಲದ್ದು. ಎಲ್ಲರನ್ನೂ ಯೂರಿಕ್ ಆಮ್ಲದ ಪ್ರಮಾಣಕ್ಕನುಗುಣವಾಗಿ ಐದು ಸಮ ಗುಂಪುಗಳಾಗಿ ವಿಂಗಡಿಸಿದರೆ, ಅತಿ ಕಡಿಮೆ ಇದ್ದ ಗುಂಪಿನಲ್ಲಿ ನೂರು ತಲುಪುವ ಸಂಭವ ಶೇ. 4, ಅತಿ ಹೆಚ್ಚು ಇದ್ದ ಗುಂಪಿನಲ್ಲಿ ಶೇ. 1.5. ‘ಎರಡೂವರೆ ಪಟ್ಟಿಗೂ ಹೆಚ್ಚು’ ಎನ್ನಬಹುದು, ಅದು ಸುಳ್ಳಲ್ಲ. ಇದನ್ನೇ ತಿರುಗಿಸಿ ನೋಡೋಣ. ‘ಒಳ್ಳೆಯ’ ಗುಂಪಿನ ಸಾವಿರ ಜನರಲ್ಲಿ 960 ಮಂದಿ ನೂರು ತಲುಪಲಿಲ್ಲ, ‘ಕೆಟ್ಟ’ ಗುಂಪಿನಲ್ಲಿ 985 ಮಂದಿ ತಲುಪಲಿಲ್ಲ. ಒಬ್ಬ ವ್ಯಕ್ತಿಯ ಯೂರಿಕ್ ಆಮ್ಲವನ್ನು ತಿಳಿದುಕೊಂಡು ಅವನು ನೂರು ಮುಟ್ಟುವನೇ ಎಂದು ಊಹಿಸಬೇಕಾದರೆ, ಎರಡೂ ಗುಂಪಿನವರಿಗೆ ‘ಇಲ್ಲ’ ಎಂದು ಹೇಳುವುದೇ ಜಾಣತನ! ಒಂದೇ ದತ್ತಾಂಶದಿಂದ ಹೊರಟ ಈ ಎರಡು ಮಾತುಗಳನ್ನು ಪ್ರೌಢಶಾಲೆಯ ಗಣಿತದ ತರಗತಿಯಲ್ಲಿ ಹಲಗೆಯ ಮೇಲೆ ಅಕ್ಕಪಕ್ಕ ಬರೆದು ತೋರಿಸಬಹುದು.

ಇನ್ನೊಂದು ಸಂಗತಿ. ಮಹಿಳೆಯರ ರಕ್ತದಲ್ಲಿ ಯೂರಿಕ್ ಆಮ್ಲ ಸಾಮಾನ್ಯವಾಗಿ ಪುರುಷರಿಗಿಂತ ಕಡಿಮೆ. ಈಸ್ಟ್ರೊಜೆನ್ ಅದನ್ನು ಮೂತ್ರದ ಮೂಲಕ ಹೊರಹಾಕಲು ನೆರವಾಗುತ್ತದೆ, ಮುಟ್ಟು ನಿಂತ ಮೇಲೆ ಅಂತರ ಕಿರಿದಾದರೂ ಪೂರ್ತಿ ಅಳಿಯುವುದಿಲ್ಲ. ಶತಾಯುಷಿಗಳಲ್ಲಿ ನೂರಕ್ಕೆ 85 ಮಂದಿ ಮಹಿಳೆಯರು. ಹೀಗಿರುವಾಗ 4 ಮತ್ತು 1.5 ಎಂಬ ಅಂಕಿಗಳನ್ನಷ್ಟೇ ಓದಿದವರಿಗೆ ಇದರಲ್ಲಿ ಆಮ್ಲದ ಪಾಲೆಷ್ಟು, ಹೆಣ್ಣಾಗಿ ಹುಟ್ಟಿದ್ದರ ಪಾಲೆಷ್ಟು ಎಂಬುದು ತಿಳಿಯುವುದೇ ಇಲ್ಲ. ಸಂಶೋಧಕರ ಮಾದರಿ ಲಿಂಗವನ್ನು ಸರಿದೂಗಿಸಿದೆ, ಸುದ್ದಿಯ ವಾಕ್ಯ ಅದನ್ನು ತಿಳಿಸುವುದಿಲ್ಲ.

ಅಧ್ಯಯನದ ಮೇಲೆಯೇ ನನಗಿರುವ ಆಕ್ಷೇಪ ‘ನೂರು’ ಎಂಬ ಗೆರೆಯದು. 99 ವರ್ಷ ಹನ್ನೊಂದು ತಿಂಗಳು ಬದುಕಿದ ಅಜ್ಜಿಯೂ 66ಕ್ಕೆ ಹೃದಯಾಘಾತದಿಂದ ತೀರಿಕೊಂಡವರೂ ಇಲ್ಲಿ ಒಂದೇ ಪಂಕ್ತಿಯಲ್ಲಿ ಕುಳಿತಿದ್ದಾರೆ. ಬದುಕಿದ ವರ್ಷಗಳನ್ನು ನೇರವಾಗಿ ಅಳೆಯುವ ವಿಧಾನಗಳಿರುವಾಗ, ಹತ್ತು ಬೆರಳಿನ ಎಣಿಕೆಯಿಂದ ಹುಟ್ಟಿದ ಒಂದು ದುಂಡುಸಂಖ್ಯೆಗೆ ಇಷ್ಟು ಮಹತ್ವ ಕೊಡಲು ಜೀವವಿಜ್ಞಾನದಲ್ಲಿ ಕಾರಣವಿಲ್ಲ. ಜತೆಗೆ, ಹೆಚ್ಚಿನ ತೀರ್ಮಾನಗಳು ನಿಂತಿರುವುದು ಒಂದೇ ದಿನದ ಒಂದೇ ಅಳತೆಯ ಮೇಲೆ. ಕಬ್ಬಿಣದ ಪ್ರಮಾಣ ಬೆಳಗ್ಗೆ ಒಂದು, ಸಂಜೆ ಒಂದು ಇರುತ್ತದೆ. ಗ್ಲೂಕೋಸ್ ಊಟದೊಡನೆ ಏರಿಳಿಯುತ್ತದೆ. ಧೂಮಪಾನ, ಮದ್ಯಪಾನ, ಆಹಾರ ಇವುಗಳ ಮಾಹಿತಿ ಈ ಸಂಗ್ರಹದಲ್ಲಿಲ್ಲ. ಮದ್ಯದಿಂದ ಏರುವ ಯಕೃತ್ತಿನ ಕಿಣ್ವವನ್ನು ಅಳೆದು, ಮದ್ಯದ ವಿಷಯ ಗೊತ್ತಿಲ್ಲದೆ ಆಯುಷ್ಯಕ್ಕೆ ಗಂಟು ಹಾಕುವಾಗ ಎಚ್ಚರ ಬೇಕು.

ಕೊಲೆಸ್ಟರಾಲ್ ಕಡಿಮೆಯಾದರೆ ಆಪತ್ತೇ?

ಈ ಅಧ್ಯಯನದ ಅತಿ ಅಪಾಯಕಾರಿ ದುರ್ಬಳಕೆ ಆಗಬಹುದಾದದ್ದು ಇಲ್ಲಿ. ಅತಿ ಕಡಿಮೆ ಕೊಲೆಸ್ಟರಾಲ್ ಇದ್ದವರು ನೂರು ತಲುಪುವುದು ಕಡಿಮೆ ಎಂದೊಡನೆ, ಹಾಗಾದರೆ ಮಾತ್ರೆ ಏಕೆ ನುಂಗಬೇಕು ಎಂದು ಎಪ್ಪತ್ತರ ಹಿರಿಯರು ಕೇಳುವುದು ಸಹಜ.

ಇಂತಹ ಫಲಿತಾಂಶ ಹೊಸದೇನಲ್ಲ. ನೆದರ್‌ಲೆಂಡ್ಸ್‌ನ ಲೈಡನ್ ನಗರದಲ್ಲಿ 85 ವರ್ಷ ದಾಟಿದ 724 ಮಂದಿಯನ್ನು ಹತ್ತು ವರ್ಷ ಗಮನಿಸಿದ ಅಧ್ಯಯನ 1997ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂದಿತ್ತು. ಒಟ್ಟು ಕೊಲೆಸ್ಟರಾಲ್ ಲೀಟರಿಗೆ 1 ಮಿಲಿಮೋಲ್ (ಸುಮಾರು 39 ಮಿಲಿಗ್ರಾಂ) ಹೆಚ್ಚಿದಂತೆ ಸಾವಿನ ಅಪಾಯ ಶೇ. 15ರಷ್ಟು ಕಡಿಮೆ ಕಂಡಿತು. ಕೊಲೆಸ್ಟರಾಲ್ ಹೆಚ್ಚಿದ್ದವರಲ್ಲಿ ಕ್ಯಾನ್ಸರ್ ಮತ್ತು ಸೋಂಕಿನಿಂದಾದ ಸಾವುಗಳು ಕಡಿಮೆ ಇದ್ದವು. ಇದನ್ನು ಓದುವ ಕೀಲಿ ಈ ಕೊನೆಯ ವಾಕ್ಯದಲ್ಲಿದೆ.

ನಮ್ಮ ದೇಹದ ಕೊಲೆಸ್ಟರಾಲಿನ ಬಹುಪಾಲು ದೇಹದಲ್ಲಿಯೇ ತಯಾರಾಗುವಂಥದ್ದು, ಅದರಲ್ಲಿ ಯಕೃತ್ತಿನ ಪಾತ್ರ ದೊಡ್ಡದು. ಗುಪ್ತವಾಗಿ ಬೆಳೆಯುತ್ತಿರುವ ಕ್ಯಾನ್ಸರ್, ದೀರ್ಘಕಾಲದ ಸೋಂಕು, ಹಸಿವು ಕುಂದಿ ತೂಕ ಇಳಿಯುವುದು, ಯಕೃತ್ತು ಸೊರಗುವುದು ಇವೆಲ್ಲವೂ ಅದನ್ನು ತಗ್ಗಿಸುತ್ತವೆ. ಅಂದರೆ ಕೊಲೆಸ್ಟರಾಲ್ ಇಳಿದದ್ದರಿಂದ ಕಾಯಿಲೆ ಬಂದದ್ದಲ್ಲ, ಇನ್ನೂ ಹೆಸರಿಡದ ಕಾಯಿಲೆಯಿಂದ ಕೊಲೆಸ್ಟರಾಲ್ ಇಳಿದಿರಬಹುದು. ಕಾರಣವೂ ಪರಿಣಾಮವೂ ಇಲ್ಲಿ ತಿರುವುಮುರುವಾಗಿವೆ. ಸಂಶೋಧಕರು ಇದನ್ನು ಪರೀಕ್ಷಿಸಲು ರಕ್ತ ತೆಗೆದ ಮೊದಲ ಕೆಲವು ವರ್ಷಗಳ ಸಾವುಗಳನ್ನು ಬದಿಗಿಟ್ಟು ಲೆಕ್ಕಹಾಕುವುದುಂಟು. ಆದರೆ ಮುಪ್ಪಿನ ಸೊರಗುವಿಕೆ ಕೆಲವೊಮ್ಮೆ ಹತ್ತಾರು ವರ್ಷ ನಿಧಾನವಾಗಿ ನಡೆಯುವಂಥದ್ದು, ಎರಡು ಮೂರು ವರ್ಷ ಬಿಟ್ಟ ಮಾತ್ರಕ್ಕೆ ಅದು ಜರಡಿಯಲ್ಲಿ ಉಳಿಯಲಿಕ್ಕಿಲ್ಲ.

ಇಲ್ಲಿ ಇಸವಿಗಳನ್ನು ಗಮನಿಸುವುದು ಒಳ್ಳೆಯದು. ಕೊಲೆಸ್ಟರಾಲ್ ಇಳಿಸುವ ಸ್ಟಾಟಿನ್ ವರ್ಗದ ಮೊದಲ ಮಾತ್ರೆಗೆ ಅಮೆರಿಕದಲ್ಲಿ ಒಪ್ಪಿಗೆ ದೊರೆತದ್ದು 1987ರಲ್ಲಿ. ಸ್ಟಾಟಿನ್ ಸೇವನೆಯಿಂದ ಹೃದ್ರೋಗಿಗಳ ಸಾವು ಕಡಿಮೆಯಾಗುತ್ತದೆಂದು ಸ್ಕ್ಯಾಂಡಿನೇವಿಯದ 4,444 ರೋಗಿಗಳ ಪ್ರಯೋಗ ತೋರಿಸಿದ್ದು 1994ರಲ್ಲಿ. ಅಮೋರಿಸ್‌ನ ರಕ್ತ ಸಂಗ್ರಹ ನಡೆದದ್ದು 1985ರಿಂದ 1996ರವರೆಗೆ. ಹೀಗಾಗಿ ಅದರಲ್ಲಿದ್ದ ಹಿರಿಯರಲ್ಲಿ ಕೊಲೆಸ್ಟರಾಲ್ ಕಡಿಮೆ ಇದ್ದವರಿಗೆ ಅದು ಬಹುಮಟ್ಟಿಗೆ ತಾನಾಗಿಯೇ ಕಡಿಮೆ ಇತ್ತು, ಮಾತ್ರೆಯಿಂದ ಅಲ್ಲ. ತಾನಾಗಿ ಇಳಿದದ್ದೂ ಔಷಧದಿಂದ ಇಳಿಸಿದ್ದೂ ಒಂದೇ ಎಂದು ಭಾವಿಸಲು ಈ ದತ್ತಾಂಶದಲ್ಲಿ ಆಧಾರವಿಲ್ಲ. ಔಷಧದ ಪ್ರಶ್ನೆಗೆ ಉತ್ತರವನ್ನು ಔಷಧದ ಪ್ರಯೋಗದಲ್ಲಿ ಹುಡುಕಬೇಕು. 70ರಿಂದ 82 ವರ್ಷದ 5,804 ಮಂದಿಯನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ನಡೆಸಿದ ‘ಪ್ರಾಸ್ಪರ್’ ಪ್ರಯೋಗದ ಫಲಿತಾಂಶ 2002ರಲ್ಲಿ ಬಂದಿತು. ಸುಮಾರು ಮೂರು ವರ್ಷಗಳಲ್ಲಿ ಹೃದಯಾಘಾತ, ಹೃದ್ರೋಗದ ಸಾವು, ಪಾರ್ಶ್ವವಾಯು ಇವುಗಳ ಒಟ್ಟು ಮೊತ್ತ ಶೇ. 15ರಷ್ಟು ಇಳಿಯಿತು. ಒಟ್ಟಾರೆ ಸಾವುಗಳಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ ಎಂಬುದನ್ನೂ ಪ್ರಾಮಾಣಿಕವಾಗಿ ಹೇಳಬೇಕು. ಮಾತ್ರೆ ಬೇಕೇ ಬೇಡವೇ ಎಂಬುದು ವೈದ್ಯರೊಡನೆ ಈ ಬಗೆಯ ಅಂಕಿಗಳನ್ನು ಮುಂದಿಟ್ಟುಕೊಂಡು ಮಾತನಾಡಬೇಕಾದ ವಿಷಯ. ಸ್ವೀಡನ್ನಿನ ಶತಾಯುಷಿಗಳು ಇದರಲ್ಲಿ ಸಾಕ್ಷಿ ನುಡಿಯಲಾರರು.

ಒಂದೇ ಅಂಕಿ, ಎರಡು ಅರ್ಥ

ಕಬ್ಬಿಣದ ವಿಷಯವೂ ಹೀಗೆಯೇ. ದೇಹದಲ್ಲಿ ಉರಿಯೂತವಿದ್ದಾಗ ಯಕೃತ್ತು ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಹೆಚ್ಚಾಗಿ ಸ್ರವಿಸುತ್ತದೆ. ಅದು ಕರುಳಿನಿಂದ ಕಬ್ಬಿಣ ಒಳಬರುವುದನ್ನು ತಡೆಯುತ್ತದೆ, ಕೋಶಗಳಲ್ಲಿ ಕೂಡಿಟ್ಟ ಕಬ್ಬಿಣ ಹೊರಬರದಂತೆ ಬೀಗ ಹಾಕುತ್ತದೆ. ಆಗ ಮೈಯಲ್ಲಿ ಕಬ್ಬಿಣವಿದ್ದರೂ ರಕ್ತದಲ್ಲಿ ಕಾಣದು. ನಿಜವಾದ ಕೊರತೆಯೇ ಇದ್ದರೂ, ಎಪ್ಪತ್ತು ವರ್ಷದವರಲ್ಲಿ ಅದು ಜಠರದಿಂದಲೋ ದೊಡ್ಡ ಕರುಳಿನಿಂದಲೋ ತಿಳಿಯದಂತೆ ರಕ್ತ ಸೋರುತ್ತಿರುವುದರ ಕುರುಹಾಗಿರಬಹುದು. ಪತ್ರಿಕೆ ಓದಿ ಅಂಗಡಿಯಿಂದ ಕಬ್ಬಿಣದ ಮಾತ್ರೆ ತಂದು ನುಂಗಿದರೆ ವರದಿಯ ಅಂಕಿ ಸರಿಹೋಗುತ್ತದೆ, ಸೋರಿಕೆ ಮುಂದುವರಿಯುತ್ತದೆ.

ಕ್ರಿಯಾಟಿನಿನ್ ಸ್ನಾಯುಗಳಿಂದ ಹುಟ್ಟಿ ಮೂತ್ರಪಿಂಡದ ಮೂಲಕ ಹೊರಹೋಗುವ ವಸ್ತು. ಹೆಚ್ಚಾದರೆ ಮೂತ್ರಪಿಂಡ ದಣಿದಿದೆ ಎನ್ನುತ್ತೇವೆ. ಆದರೆ ಮುಪ್ಪಿನಲ್ಲಿ ಸ್ನಾಯು ಕರಗಿದಾಗ ಅದು ಹುಟ್ಟುವುದೇ ಕಡಿಮೆಯಾಗುತ್ತದೆ. ಆಗ ದಣಿದ ಮೂತ್ರಪಿಂಡವೂ ‘ಸಾಮಾನ್ಯ’ ಎಂಬ ಅಂಕಿಯ ಹಿಂದೆ ಅಡಗಿಕೊಳ್ಳಬಹುದು. ಹಾಸಿಗೆ ಹಿಡಿದ ಅಜ್ಜನ 0.9ಕ್ಕೂ ಗದ್ದೆಯಲ್ಲಿ ದುಡಿಯುವ ಮೊಮ್ಮಗನ 0.9ಕ್ಕೂ ಅರ್ಥ ಬೇರೆ.

ಆಲ್ಬುಮಿನ್‌ದು ಇನ್ನೂ ಸ್ವಾರಸ್ಯ. ಅಲ್ಪಾವಧಿಯ ಅಧ್ಯಯನಗಳಲ್ಲಿ ಇದು ಸಾವಿನ ಬಲವಾದ ಸೂಚಕ. ಎಸ್ಟೋನಿಯದ 9,842 ಮಂದಿಯ ರಕ್ತದಲ್ಲಿ 106 ವಸ್ತುಗಳನ್ನು ಜಾಲಾಡಿದ 2014ರ ಅಧ್ಯಯನದಲ್ಲಿ ಮುಂದಿನ ಐದು ವರ್ಷಗಳ ಸಾವನ್ನು ಸೂಚಿಸಿದ ನಾಲ್ಕರಲ್ಲಿ ಆಲ್ಬುಮಿನ್ ಒಂದು. ಅದೇ ವಸ್ತು ಸ್ವೀಡನ್ನಿನಲ್ಲಿ ನೂರು ತಲುಪುವುದರ ಬಗ್ಗೆ ಏನನ್ನೂ ಹೇಳಲಿಲ್ಲ. ನನಗೆ ತೋರುವಂತೆ ಇದರಲ್ಲಿ ವಿರೋಧವಿಲ್ಲ. ಆಲ್ಬುಮಿನ್ ಇಳಿಯುವುದು ಕಾಯಿಲೆ ಆಗಲೇ ಬಾಗಿಲೊಳಗೆ ಬಂದಾಗ, ಮೂವತ್ತು ವರ್ಷದ ಮುಂದಿನ ಮಾತು ಅದಕ್ಕೆ ಗೊತ್ತಿಲ್ಲ. ‘ಸೂಚಕ’ ಎನ್ನುವಾಗ ಎಷ್ಟು ದೂರದ ಸೂಚಕ ಎಂದು ಕೇಳದಿದ್ದರೆ ಗೊಂದಲ ತಪ್ಪದು.

ವರದಿಯಲ್ಲಿ ಅಚ್ಚಾಗಿರುವ ‘ಸಾಮಾನ್ಯ ಮಿತಿ’ಯ ಬಗ್ಗೆಯೂ ಒಂದು ಲೆಕ್ಕ ಹೇಳಿಬಿಡಬೇಕು. ಅನೇಕ ಪರೀಕ್ಷೆಗಳಲ್ಲಿ ಆರೋಗ್ಯವಂತರ ಗುಂಪನ್ನು ಅಳೆದು, ನಡುವಿನ ಶೇ. 95 ಜನರ ಅಂಕಿಗಳನ್ನು ‘ಸಾಮಾನ್ಯ’ ಎಂದು ಕರೆಯುತ್ತಾರೆ. ಅಂದರೆ ಪೂರ್ಣ ಆರೋಗ್ಯವಂತರಲ್ಲೂ ಇಪ್ಪತ್ತಕ್ಕೆ ಒಬ್ಬರು ಹೊರಗುಳಿಯುತ್ತಾರೆ. ಹನ್ನೆರಡು ಪರೀಕ್ಷೆಗಳು ಒಂದಕ್ಕೊಂದು ಸಂಬಂಧವಿಲ್ಲದವು ಎಂದುಕೊಂಡರೆ, ಎಲ್ಲವೂ ಮಿತಿಯೊಳಗೆ ಬರುವ ಸಂಭವನೀಯತೆ 0.95ರ ಹನ್ನೆರಡನೆಯ ಘಾತ, ಅಂದರೆ 0.54. ಉಳಿದ ಶೇ. 46 ಆರೋಗ್ಯವಂತರ ವರದಿಯಲ್ಲಿ ಕನಿಷ್ಠ ಒಂದಾದರೂ ದಪ್ಪಕ್ಷರ ಇರುತ್ತದೆ. ಇಪ್ಪತ್ತು ಪರೀಕ್ಷೆಗಳಾದರೆ ಶೇ. 64, ಅರವತ್ತಾದರೆ ಶೇ. 95. ವಾಸ್ತವದಲ್ಲಿ ಪರೀಕ್ಷೆಗಳು ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಅಂಕಿ ಇಷ್ಟೇ ಇರದು, ಆದರೆ ಏರುವ ದಿಕ್ಕು ಇದೇ. ಅರವತ್ತು ಅಂಶಗಳ ಪ್ಯಾಕೇಜ್ ಮಾಡಿಸಿ ‘ಏನೋ ಒಂದು ಸಿಕ್ಕಿತು’ ಎನ್ನುವವರಿಗೆ ಏನೂ ಸಿಗದಿದ್ದರೇ ಆಶ್ಚರ್ಯಪಡಬೇಕಾಗಿತ್ತು.

ಅಂಕಿಯನ್ನು ಬದಲಿಸಿದರೆ?

ಒಂದು ಸೂಚಕ ಸಾವನ್ನು ಸೂಚಿಸುತ್ತದೆ ಎಂಬುದರಿಂದ, ಆ ಸೂಚಕವನ್ನು ಬದಲಿಸಿದರೆ ಸಾವು ಮುಂದೆ ಹೋಗುತ್ತದೆ ಎಂದಾಗುವುದಿಲ್ಲ. ಹೊಗೆಯನ್ನು ಬೀಸಣಿಗೆಯಿಂದ ಓಡಿಸಿದರೆ ಬೆಂಕಿ ಆರದು. ಇದಕ್ಕೆ ವೈದ್ಯವಿಜ್ಞಾನ ತೆತ್ತ ಬೆಲೆಯ ಒಂದು ಉದಾಹರಣೆ ಟಾರ್‌ಸೆಟ್ರಪಿಬ್ ಎಂಬ ಔಷಧ. ‘ಒಳ್ಳೆಯ’ ಕೊಲೆಸ್ಟರಾಲ್ ಎನಿಸಿದ ಎಚ್‌ಡಿಎಲ್ ಹೆಚ್ಚಿದ್ದವರಲ್ಲಿ ಹೃದ್ರೋಗ ಕಡಿಮೆ ಎಂದು ದಶಕಗಳ ಅಧ್ಯಯನಗಳು ಹೇಳಿದ್ದವು. ಈ ಔಷಧ ಎಚ್‌ಡಿಎಲ್‌ಅನ್ನು ಶೇ. 72ರಷ್ಟು ಏರಿಸಿತು, ‘ಕೆಟ್ಟ’ದ್ದೆನಿಸಿದ ಎಲ್‌ಡಿಎಲ್‌ಅನ್ನು ಶೇ. 25ರಷ್ಟು ಇಳಿಸಿತು. ರಕ್ತದ ವರದಿ ನೋಡಿದರೆ ಇದಕ್ಕಿಂತ ಚೆನ್ನಾದ ಔಷಧವಿಲ್ಲ. 15,067 ಮಂದಿಯ ಪ್ರಯೋಗವನ್ನು 2006ರ ಡಿಸೆಂಬರ್‌ನಲ್ಲಿ ಅರ್ಧಕ್ಕೇ ನಿಲ್ಲಿಸಬೇಕಾಯಿತು. ಔಷಧ ಪಡೆದವರಲ್ಲಿ 93 ಸಾವು, ಪಡೆಯದ ಗುಂಪಿನಲ್ಲಿ 59. ಔಷಧ ರಕ್ತದೊತ್ತಡವನ್ನು ಏರಿಸುತ್ತಿತ್ತು ಎಂಬುದು ನಿಜ, ದೋಷ ಅದರದ್ದೇ ಇರಬಹುದು. ಆದರೆ ಆ ಬಳಿಕ ಬೇರೆ ಮಾರ್ಗದಿಂದ ಎಚ್‌ಡಿಎಲ್ ಏರಿಸಿದ ನಯಾಸಿನ್ ಪ್ರಯೋಗಗಳೂ ಅದರಿಂದ ಲಾಭ ತೋರಿಸಲಿಲ್ಲ.

ನಮಗೆ ಇನ್ನೂ ಹತ್ತಿರದ್ದು ಡಿ ಜೀವಸತ್ವ. ರಕ್ತದಲ್ಲಿ ಇದು ಕಡಿಮೆ ಇದ್ದವರಲ್ಲಿ ಸಾವು ಹೆಚ್ಚು ಎಂದು ಅನೇಕ ಅಧ್ಯಯನಗಳು ಕಂಡಿದ್ದವು. ಆಸ್ಟ್ರೇಲಿಯದಲ್ಲಿ 60 ದಾಟಿದ 21,315 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ತಿಂಗಳಿಗೊಮ್ಮೆ 60,000 ಯೂನಿಟ್ ಡಿ ಜೀವಸತ್ವ, ಉಳಿದವರಿಗೆ ಅದೇ ರೂಪದ ಹುಸಿಗುಳಿಗೆ ಐದು ವರ್ಷಗಳ ಕಾಲ ಕೊಡಲಾಯಿತು. 2022ರಲ್ಲಿ ಪ್ರಕಟವಾದ ಫಲಿತಾಂಶದಂತೆ ಜೀವಸತ್ವ ಪಡೆದವರಲ್ಲಿ 562 ಸಾವು, ಪಡೆಯದವರಲ್ಲಿ 538. ಲಾಭವಿಲ್ಲ. ಖಾಯಿಲೆಯವರು ಬಿಸಿಲಿಗೆ ಬರುವುದೇ ಕಡಿಮೆ ಎಂಬ ಸರಳ ಸಂಗತಿಯೂ ಹಿಂದಿನ ಸಂಬಂಧವನ್ನು ಭಾಗಶಃ ವಿವರಿಸಬಲ್ಲದು. ಈ ಪ್ರಯೋಗದಲ್ಲಿದ್ದ ಹೆಚ್ಚಿನವರಿಗೆ ತೀವ್ರ ಕೊರತೆ ಇರಲಿಲ್ಲ, ಆದ್ದರಿಂದ ಕೊರತೆಯಿಂದ ಮೂಳೆ ಸವೆದವರ ಚಿಕಿತ್ಸೆಗೆ ಇದು ಅನ್ವಯಿಸದು. ಆದರೆ 60,000 ಯೂನಿಟ್‌ನ ಅದೇ ಪೊಟ್ಟಣವನ್ನು ನಮ್ಮಲ್ಲಿ ಯಾರೂ ಕೇಳದೆ ವರ್ಷಾನುಗಟ್ಟಲೆ ಹಾಲಿನಲ್ಲಿ ಕಲಸಿ ಕುಡಿಯುವವರಿಗೆ ಅನ್ವಯಿಸುತ್ತದೆ.

ನಡಿಗೆಯೂ ಹಿಡಿತವೂ

ಹಲವು ಸೂಚಕಗಳನ್ನು ಕೂಡಿಸಿ ಒಂದೇ ಅಂಕ ಮಾಡುವ ಪ್ರಯತ್ನಗಳೂ ನಡೆದಿವೆ. ಮೇಲೆ ಹೇಳಿದ ಎಸ್ಟೋನಿಯದ ಅಧ್ಯಯನದಲ್ಲಿ ಅತಿ ಹೆಚ್ಚು ಅಂಕ ಪಡೆದ ಐದನೇ ಒಂದು ಭಾಗದವರಲ್ಲಿ ಐದು ವರ್ಷಗಳೊಳಗೆ 288 ಮಂದಿ, ಅತಿ ಕಡಿಮೆ ಅಂಕದವರಲ್ಲಿ 15 ಮಂದಿ ತೀರಿಕೊಂಡರು. 19 ಪಟ್ಟು! ಆದರೂ ‘ಸಾವಿನ ಅಂಕ’ ಪಡೆದ ಆ ಮೇಲಿನ ಗುಂಪಿನಲ್ಲಿ ನೂರಕ್ಕೆ ಸುಮಾರು 85 ಮಂದಿ ಐದು ವರ್ಷದ ಬಳಿಕವೂ ಜೀವಂತವಾಗಿದ್ದರು. 2019ರಲ್ಲಿ 12 ಅಧ್ಯಯನಗಳ 44,168 ಮಂದಿಯನ್ನು ಒಟ್ಟುಗೂಡಿಸಿ 14 ಸೂಚಕಗಳ ಅಂಕವೊಂದನ್ನು ರೂಪಿಸಲಾಯಿತು. ಮುಂದೆ ಸಾಯುವವರೊಬ್ಬರು, ಉಳಿಯುವವರೊಬ್ಬರು ಹೀಗೆ ಇಬ್ಬಿಬ್ಬರ ಜೋಡಿ ಮಾಡಿದರೆ ಎಷ್ಟು ಸಲ ಅಂಕ ಸರಿಯಾಗಿ ಗುರುತಿಸುತ್ತದೆ ಎಂಬುದು ಇಂತಹ ಮಾದರಿಗಳ ಅಳತೆಗೋಲು. ನಾಣ್ಯ ಚಿಮ್ಮಿದರೆ 0.5, ಎಂದೂ ತಪ್ಪದಿದ್ದರೆ 1. ಐದು ವರ್ಷದ ಸಾವಿಗೆ ಹೊಸ ಅಂಕದ ಸಾಧನೆ 0.837, ರಕ್ತದೊತ್ತಡ, ಧೂಮಪಾನ ಮುಂತಾದ ಹಳೆಯ ಅಂಶಗಳ ಮಾದರಿಯದು 0.772. ಇದು ಪ್ರಗತಿಯೇ. ಆದರೂ ನೂರು ಜೋಡಿಗಳಲ್ಲಿ ಹದಿನಾರು ಸಲ ತಪ್ಪುವ ಜ್ಯೋತಿಷಿಯನ್ನು ನಂಬಿ ಆಸ್ತಿಪತ್ರ ಬರೆಸುವವರು ಯಾರು?

ರಕ್ತವನ್ನೇ ಮುಟ್ಟದ ಪೈಪೋಟಿದಾರರೂ ಇದ್ದಾರೆ. ಬ್ರಿಟನ್ನಿನ ‘ಯುಕೆ ಬಯೋಬ್ಯಾಂಕ್’ನ 4,98,103 ಮಂದಿಯ 655 ಬಗೆಯ ಮಾಹಿತಿಗಳನ್ನು ತೂಗಿದ 2015ರ ವಿಶ್ಲೇಷಣೆಯಲ್ಲಿ, ಪುರುಷರ ಐದು ವರ್ಷದ ಸಾವನ್ನು ಎಲ್ಲಕ್ಕಿಂತ ಚೆನ್ನಾಗಿ ಸೂಚಿಸಿದ್ದು ‘ನಿಮ್ಮ ಆರೋಗ್ಯ ಹೇಗಿದೆ?’ ಎಂಬ ಪ್ರಶ್ನೆಗೆ ಅವರೇ ಕೊಟ್ಟ ಉತ್ತರ. ನಡಿಗೆಯ ವೇಗವೂ ಮುಂಚೂಣಿಯಲ್ಲಿತ್ತು. 65 ದಾಟಿದ 34,485 ಮಂದಿಯ ನಡಿಗೆಯನ್ನು ಅಳೆದ 2011ರ ಅಮೆರಿಕದ ವಿಶ್ಲೇಷಣೆ, ವಯಸ್ಸು, ಲಿಂಗ ಮತ್ತು ನಡಿಗೆಯ ವೇಗ ಇಷ್ಟರಿಂದಲೇ, ಕಾಯಿಲೆ, ರಕ್ತದೊತ್ತಡ, ತೂಕಗಳನ್ನೆಲ್ಲ ಸೇರಿಸಿದ ಮಾದರಿಯಷ್ಟೇ ಚೆನ್ನಾಗಿ ಬದುಕುಳಿಯುವಿಕೆಯನ್ನು ಅಂದಾಜಿಸಬಹುದೆಂದು ತೋರಿಸಿತು. ಭಾರತವೂ ಸೇರಿದಂತೆ 17 ದೇಶಗಳ ‘ಪ್ಯೂರ್’ ಅಧ್ಯಯನದಲ್ಲಿ, 2015ರ ವರದಿಯಂತೆ, ಕೈಹಿಡಿತದ ಬಲ 5 ಕಿಲೋಗ್ರಾಂ ಕಡಿಮೆಯಾದಂತೆ ಸಾವಿನ ಅಪಾಯ ಶೇ. 16 ಹೆಚ್ಚಿತು. ಇವೂ ಸೂಚಕಗಳೇ, ಮೇಲಿನ ಎಚ್ಚರಿಕೆಗಳೆಲ್ಲ ಇವಕ್ಕೂ ಸಲ್ಲುತ್ತವೆ. ಹಿಡಿತದ ಸ್ಪ್ರಿಂಗನ್ನು ಅಮುಕುತ್ತ ಕೂತರೆ ಆಯುಷ್ಯ ಬೆಳೆಯುವುದಿಲ್ಲ. ಆದರೆ ನಾಲ್ಕು ಮೀಟರ್ ಅಳತೆಪಟ್ಟಿ ಮತ್ತು ಒಂದು ನಿಲುಗಡಿಯಾರಕ್ಕೆ ಖರ್ಚು ಎಷ್ಟು?

ನಮ್ಮ ಹಿರಿಯರ ರಕ್ತ

ಕೊನೆಯದಾಗಿ, ಸ್ಟಾಕ್‌ಹೋಮಿನ ಅಂಕಿಗಳನ್ನು ನಮ್ಮೂರಿಗೆ ತರುವಾಗಿನ ತೊಡಕು. ಇದಕ್ಕೆ ಕೆಂಪು ರಕ್ತಕಣಗಳ ಗಾತ್ರದ ಏರುಪೇರನ್ನು ಹೇಳುವ ಆರ್‌ಡಿಡಬ್ಲ್ಯು ಎಂಬ ಅಂಕಿ ಒಳ್ಳೆಯ ನಿದರ್ಶನ. ಯಂತ್ರದಿಂದ ಮಾಡಿದ ಪ್ರತಿಯೊಂದು ರಕ್ತಕಣ ಎಣಿಕೆಯ ವರದಿಯಲ್ಲೂ ಇದು ಇರುತ್ತದೆ, ನೋಡುವವರು ಕಡಿಮೆ. 45 ದಾಟಿದ 8,175 ಅಮೆರಿಕನ್ನರ 2009ರ ಅಧ್ಯಯನದಲ್ಲಿ ಇದು ಶೇ. 1ರಷ್ಟು ಹೆಚ್ಚಿದಂತೆ ಸಾವಿನ ಅಪಾಯ ಶೇ. 22 ಏರಿತ್ತು. ಅಸ್ಥಿಮಜ್ಜೆಯ ಮುಪ್ಪು, ಉರಿಯೂತ ಮುಂತಾದವು ಇದರ ಹಿಂದಿರಬಹುದೆಂಬ ಊಹೆಗಳಿವೆ. ಆದರೆ ಕಬ್ಬಿಣ ಮತ್ತು ಬಿ12 ಜೀವಸತ್ವದ ಕೊರತೆಯಲ್ಲೂ ಇದೇ ಅಂಕಿ ಏರುತ್ತದೆ. ರಕ್ತಹೀನತೆ ಮನೆಮಾತಾಗಿರುವ, ಸಸ್ಯಾಹಾರಿಗಳಲ್ಲಿ ಬಿ12 ಕೊರತೆ ಸಾಮಾನ್ಯವಾಗಿರುವ ನಮ್ಮಲ್ಲಿ ಏರಿದ ಆರ್‌ಡಿಡಬ್ಲ್ಯು ಅಮೆರಿಕದ ಮುದುಕರಲ್ಲಿ ಹೇಳಿದ್ದನ್ನೇ ಹೇಳಬೇಕೆಂದಿಲ್ಲ.

ನಮ್ಮದೇ ಉತ್ತರ ಬೇಕಾದರೆ ನಮ್ಮದೇ ದಾಖಲೆ ಬೇಕು. ಸ್ವೀಡನ್ನಿನಲ್ಲಿ 1947ರಿಂದ ಪ್ರತಿಯೊಬ್ಬರಿಗೂ ಗುರುತಿನ ಸಂಖ್ಯೆಯಿದೆ, ಹಳೆಯ ರಕ್ತದ ವರದಿಯನ್ನು ಮರಣದ ದಾಖಲೆಗೆ ಜೋಡಿಸುವುದು ಗಣಕದ ಕೆಲಸ. ನಮ್ಮ ಹಳ್ಳಿಯ ಹಿರಿಯರನ್ನು ವಯಸ್ಸು ಕೇಳಿದರೆ ಬರ ಬಿದ್ದ ವರ್ಷ, ಕೆರೆ ಒಡೆದ ವರ್ಷ ಎಂದು ಲೆಕ್ಕ ಹೇಳುತ್ತಾರೆ. ಶತಾಯುಷಿಗಳ ಅಧ್ಯಯನಕ್ಕೆ ಇದೇ ಮೊದಲ ಅಡ್ಡಿ. 2020ರಲ್ಲಿ ದೇಶದಲ್ಲಿ ನೋಂದಾಯಿಸಿದ ಸಾವುಗಳ ಪೈಕಿ ವೈದ್ಯರು ಕಾರಣವನ್ನು ಪ್ರಮಾಣೀಕರಿಸಿದ್ದು ಶೇ. 22.5ಕ್ಕೆ ಮಾತ್ರ. 45 ದಾಟಿದ 72 ಸಾವಿರಕ್ಕೂ ಹೆಚ್ಚು ಭಾರತೀಯರನ್ನು ಒಳಗೊಂಡ ‘ಲಾಸಿ’ ಎಂಬ ದೀರ್ಘಾವಧಿ ಅಧ್ಯಯನದ ಮೊದಲ ಸುತ್ತು 2017-18ರಲ್ಲಿ ನಡೆಯಿತು. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನ ಕೇಂದ್ರವು 2018ರಲ್ಲಿ ಆರಂಭಿಸಿದ ಅಧ್ಯಯನ 45 ದಾಟಿದವರನ್ನು ರಕ್ತಪರೀಕ್ಷೆಯೂ ಸೇರಿದಂತೆ ಮತ್ತೆ ಮತ್ತೆ ತಪಾಸಣೆ ಮಾಡುವಂಥದ್ದು. ಅದರ ಮುಖ್ಯ ಗುರಿ ಮರೆವಿನ ಕಾಯಿಲೆಯಾದರೂ, ಯಾರ ರಕ್ತ ಹೇಗಿತ್ತು, ಅವರು ಎಷ್ಟು ಕಾಲ ಬದುಕಿದರು ಎಂಬ ಪ್ರಶ್ನೆಯನ್ನು ಒಂದು ದಿನ ಅಲ್ಲಿಯೂ ಕೇಳಬಹುದು. ಐದು, ಹತ್ತು ವರ್ಷಗಳ ಉತ್ತರ ಬೇಗನೆ ಬಂದೀತು. ಸ್ವೀಡನ್ನಿನವರು ಕೇಳಿದ ಪ್ರಶ್ನೆಯನ್ನೇ ಕೇಳುವುದಾದರೆ, 2018ರಲ್ಲಿ 45 ತುಂಬಿ ಅಲ್ಲಿ ರಕ್ತ ಕೊಟ್ಟವರಿಗೆ ನೂರಾಗುವುದು 2073ರಲ್ಲಿ.